ಕರೆಂಟ್ ಶಾಕ್ ಯಾಕೆ ‘ಹೊಡೆಯುತ್ತದೆ’?

ನಮಸ್ಕಾರ. ಒಂದು ಪ್ರಶ್ನೆ ಬಹಳ ದಿನದಿಂದ ನನ್ನ ತಲೆಯಲ್ಲಿತ್ತು. ಕೆಟ್ಟ ಸುದ್ದಿ ಕೇಳಿದರೆ ನಮಗೆ ಶಾಕ್ ‘ಆಗುತ್ತದೆ’. ತಂತಿ ಮುಟ್ಟಿದರೆ ಮಾತ್ರ ಶಾಕ್ ‘ಹೊಡೆಯುತ್ತದೆ’. ಈ ಹೊಡೆತ ಎಲ್ಲಿಂದ ಬಂತು?

ಪದದ ಹುಟ್ಟಿನಲ್ಲೇ ಇತ್ತು! ಮೂಲ ಫ್ರೆಂಚ್, ಅರ್ಥ, ಡಿಕ್ಕಿ ಹೊಡೆಯುವುದು. 16ನೇ ಶತಮಾನದ ಇಂಗ್ಲಿಷಿನಲ್ಲಿ ಶಾಕ್ ಅಂದರೆ ಎರಡು ಸೈನ್ಯಗಳು ನುಗ್ಗಿ ಬಂದು ಮೈಗೆ ಮೈ ಬಡಿಯುವ ಕ್ಷಣ. ಕರೆಂಟಿನ ಸುಳಿವೇ ಇರಲಿಲ್ಲ.

(ಪರದೆಯ ಮೇಲೆ: ನೀರು ತುಂಬಿದ ಗಾಜಿನ ಬಾಟಲಿ)

ಈಗ 1746ಕ್ಕೆ ಬನ್ನಿ. ನೆದರ್‌ಲೆಂಡ್ಸ್‌ನ ಲೈಡನ್ ಊರಿನ ಪ್ರೊಫೆಸರ್ ಮುಶನ್‌ಬ್ರೂಕ್ ಪ್ಯಾರಿಸ್‌ಗೆ ಒಂದು ಪತ್ರ ಬರೆದರು. ಒಂದು ಕೈಯಲ್ಲಿ ಇಂಥ ಬಾಟಲಿ ಹಿಡಿದು, ಇನ್ನೊಂದು ಕೈಯಿಂದ ಅದಕ್ಕೆ ಸೇರಿದ ಲೋಹ ಮುಟ್ಟಿದ್ದರು. ಸಿಡಿಲು ಬಡಿದವರ ಹಾಗೆ ಮೈಯೆಲ್ಲ ನಡುಗಿತಂತೆ. ಬಾಟಲಿಯಲ್ಲಿ ವಿದ್ಯುತ್ ಕೂಡಿಟ್ಟುಕೊಂಡಿತ್ತು. ಕಣ್ಣಿಗೆ ಕಾಣದ ಏನೋ ಬಂದು ಬಡಿಯಿತು, ಅಲ್ವಾ? ಅದಕ್ಕೆ ಇಂಗ್ಲಿಷಿನವರಿಗೆ ಒದಗಿದ್ದು ಆ ಹಳೇ ರಣರಂಗದ ಪದ.

ನನಗೆ ತುಂಬಾ ಇಷ್ಟವಾದ ಘಟನೆ ಇದರ ಬೆನ್ನಿಗೇ ನಡೆಯಿತು. ಅದೇ ವರ್ಷ ಫ್ರಾನ್ಸಿನ ವಿಜ್ಞಾನಿ ನೊಲೆ, ದೊರೆ 15ನೇ ಲೂಯಿ ಎದುರು 180 ಕಾವಲು ಸೈನಿಕರನ್ನು ಕೈ ಕೈ ಹಿಡಿಸಿ ನಿಲ್ಲಿಸಿದರು. ಬಾಟಲಿಯಿಂದ ವಿದ್ಯುತ್ ಹರಿಯಿತು. ಅಷ್ಟೂ ಜನ ಒಟ್ಟಿಗೇ ಜಿಗಿದರು! ಒಬ್ಬರ ನಂತರ ಒಬ್ಬರಲ್ಲ, ಒಂದೇ ಸಲಕ್ಕೆ. ಎದುರಾಳಿ ಸೈನ್ಯವೇ ಇಲ್ಲದೆ ಸೈನಿಕರ ಇಡೀ ಸಾಲಿಗೆ ಹೊಡೆತ ಬಿತ್ತು. ಈ ಚಿತ್ರ ನನ್ನ ಕಣ್ಣಿಂದ ಹೋಗುವುದೇ ಇಲ್ಲ.

ಸಮಯ ಜಾಸ್ತಿ ಇಲ್ಲ, ಉಳಿದದ್ದು ಬೇಗ ಬೇಗ. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಡಾಕ್ಟರ್ ಚಾರ್ಲ್ಸ್ ಮೈಯರ್ಸ್ ‘ಶೆಲ್ ಶಾಕ್’ ಬಗ್ಗೆ, ಅಂದರೆ ಸೈನಿಕರಲ್ಲಿ ಕಾಣುತ್ತಿದ್ದ ನಡುಕದಂಥ ತೊಂದರೆಗಳ ಬಗ್ಗೆ, ಬರೆದರು. ಶೆಲ್, ಅಂದರೆ ಫಿರಂಗಿಯ ಗುಂಡು, ಸಿಡಿದ ರಭಸಕ್ಕೆ ಮಿದುಳಿಗೇ ಪೆಟ್ಟಾಗಿದೆ ಅಂತ ಮೊದಲು ಅಂದುಕೊಂಡಿದ್ದರು. ಸ್ಫೋಟದ ಹತ್ತಿರವೇ ಇಲ್ಲದವರಲ್ಲೂ ಅದೇ ನಡುಕ ಕಂಡಾಗ, ಪೆಟ್ಟು ಮನಸ್ಸಿನದು ಅಂತ ನಿಧಾನವಾಗಿ ಅರ್ಥವಾಯಿತು. ಇನ್ನು, ಹೊಲದಲ್ಲಿ ಒಣಗಲು ಒಟ್ಟಿಗೆ ನಿಲ್ಲಿಸಿದ ಸಿವುಡುಗಳಿಗೂ ಇಂಗ್ಲಿಷಿನಲ್ಲಿ ಶಾಕ್ ಅನ್ನುತ್ತಾರೆ. ಅದು ಬೇರೆ ದಾರಿಯಲ್ಲಿ ಬಂದ ಪದ. ಜರ್ಮನ್ ಭಾಷೆಯಲ್ಲಿ ಅದರ ನಂಟಿನ ಪದಕ್ಕೆ 60ರ ಲೆಕ್ಕ ಅನ್ನುವ ಅರ್ಥವಿದೆ.

ಒಂದನ್ನು ಮಾತ್ರ ಅವಸರದಲ್ಲಿ ದಾಟಲಾರೆ. ‘ಪೇಷೆಂಟ್ ಶಾಕ್‌ನಲ್ಲಿದ್ದಾರೆ’ ಅಂತ ಡಾಕ್ಟರ್ ಹೇಳಿದರೆ, ಸುಮ್ನೆ ಗಾಬರಿಯಾಗಿದ್ದಾರೆ ಅಂತ ತಿಳಿಯಬೇಡಿ. ರಕ್ತ ಜಾಸ್ತಿ ಹೋಗಿಯೋ, ಸೋಂಕು ಹರಡಿಯೋ, ಹೃದಯ ಸೋತೋ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪುತ್ತಿಲ್ಲ ಅಂತ ಅರ್ಥ. ಅದು ಸಮಾಧಾನದ ಮಾತಿಗೆ ಇಳಿಯುವಂಥದ್ದಲ್ಲ. ತಕ್ಷಣ ಚಿಕಿತ್ಸೆ ಬೇಕು.