ಟೆಂಡನ್ ನೋವಿಗೆ ಮಾತ್ರೆ ಎಷ್ಟು ದಿನ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಊರಿದ ಕೂಡಲೇ ಹಿಮ್ಮಡಿಯ ಹಿಂದೆ ಚುಳ್ ಅನ್ನುತ್ತದೆ. ಸ್ವಲ್ಪ ದೂರ ಕುಂಟಿಕೊಂಡು ನಡೆದರೆ ಬಿಗಿತ ಸಡಿಲವಾಗುತ್ತದೆ. ಸಂಜೆ ಮತ್ತೆ ಶುರು. ಹಿಮ್ಮಡಿ ಮೂಳೆಯಿಂದ ಎರಡು ಮೂರು ಬೆರಳು ಮೇಲೆ ಒತ್ತಿ ನೋಡಿದರೆ, ಅಲ್ಲಿರುವ ಗಟ್ಟಿ ಪಟ್ಟಿ ಇನ್ನೊಂದು ಕಾಲಿನದಕ್ಕಿಂತ ದಪ್ಪ ಅನ್ನಿಸುತ್ತದೆ. ಆ ಪಟ್ಟಿಯೇ ಅಕಿಲಿಸ್ ಟೆಂಡನ್. ಮಾಂಸಖಂಡವನ್ನು ಮೂಳೆಗೆ ಕಟ್ಟಿ ಹಿಡಿಯುವ ಇಂಥ ಪಟ್ಟಿಗಳು ಭುಜದಲ್ಲೂ ಇವೆ, ಮೊಣಕೈಯಲ್ಲೂ ಇವೆ, ಮಂಡಿಚಿಪ್ಪಿನ ಕೆಳಗೂ ಇವೆ.

ನೋವು ಬಂದಾಗ ಮೊದಲು ಕೈ ಹೋಗುವುದು ಮಾತ್ರೆಗೆ, ಅಲ್ವಾ? ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಎಲ್ಲ ಒಂದೇ ಜಾತಿಯವು. ಉರಿಯೂತ ತಗ್ಗಿಸುವ ಮಾತ್ರೆಗಳು. ನಮ್ಮ ಮೈಯಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳು ತಯಾರಾಗುತ್ತವೆ. ಊತಕ್ಕೂ ನೋವಿಗೂ ಅವುಗಳ ಕೈವಾಡವಿದೆ. ಆಸ್ಪಿರಿನ್ ಇವುಗಳ ತಯಾರಿಕೆಯನ್ನೇ ತಡೆಯುತ್ತದೆ ಎಂದು ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಐಬುಪ್ರೊಫೆನ್ ಕೆಲಸ ಮಾಡುವ ದಾರಿಯೂ ಅದೇ. ಆದರೆ ಜಠರದ ಒಳಪದರವನ್ನು ಕಾಯುವುದು, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದು ಕೂಡ ಇದೇ ಪ್ರೋಸ್ಟಗ್ಲಾಂಡಿನ್‌ಗಳೇ. ಹೊಟ್ಟೆ ಉರಿ, ಹುಣ್ಣು, ಕಿಡ್ನಿ ತೊಂದರೆ ಬರುವುದು ಅದಕ್ಕೇ.

ಇನ್ನು ಟೆಂಡನ್ ಒಳಗೆ ಏನಾಗಿರುತ್ತದೆ? ತಿಂಗಳುಗಟ್ಟಲೆ ನೋಯುತ್ತಿರುವ ಟೆಂಡನ್‌ನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉರಿಯೂತದ ಜೀವಕೋಶಗಳು ಕಾಣುವುದು ಕಡಿಮೆ. ಕಾಣುವುದು ಬೇರೆಯೇ. ಹಗ್ಗದ ಎಳೆಗಳ ಹಾಗೆ ಒತ್ತೊತ್ತಾಗಿ ಇರಬೇಕಾದ ಕೊಲಾಜನ್ ನಾರುಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ನಡುವೆ ಹೊಸದಾಗಿ ಸಣ್ಣ ರಕ್ತನಾಳಗಳು ನುಗ್ಗಿರುತ್ತವೆ. ಉರಿಯೂತ ಒಂಚೂರೂ ಇರುವುದಿಲ್ಲ ಅನ್ನುವುದು ಜಾಸ್ತಿಯಾಯಿತು, ಇತ್ತೀಚೆಗೆ ಸಂಶೋಧಕರೂ ಹಾಗೆ ಹೇಳುವುದಿಲ್ಲ. ಆದರೂ ಕೆಟ್ಟ ನಾರನ್ನು ಮಾತ್ರೆ ನೇರ ಮಾಡುವುದಿಲ್ಲ.

ಹಾಗಾದರೆ ಮಾತ್ರೆ ಬೇಡವೇ ಬೇಡವಾ? ಹಾಗಲ್ಲ. ನೋವು ಹೊಸದು, ರಾತ್ರಿ ನಿದ್ದೆ ಇಲ್ಲ, ಭುಜ ಎತ್ತಲು ಆಗುತ್ತಿಲ್ಲ ಎನ್ನುವಾಗ ವಾರವೋ ಹತ್ತು ದಿನವೋ ತೆಗೆದುಕೊಂಡರೆ ಉಪಯೋಗವಿದೆ. ಚರ್ಮಕ್ಕೆ ಹತ್ತಿರದ ಟೆಂಡನ್ ಆದರೆ ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಬಹುದು, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ನನಗೆ ಹೆದರಿಕೆ ಇರುವುದು ಮಾತ್ರೆ ನುಂಗಿ ಓಡಲು ಹೊರಡುವವರ ಬಗ್ಗೆ. ಇವತ್ತು ಟೆಂಡನ್ ಮೇಲೆ ಭಾರ ಹೆಚ್ಚಾಯಿತೋ ಇಲ್ಲವೋ ಎಂದು ಹೇಳುವುದು ನೋವು, ಅದರಲ್ಲೂ ಮರುದಿನ ಬೆಳಗಿನ ನೋವು. ಅದರ ಬಾಯಿ ಮುಚ್ಚಿಸಿದರೆ ಲೆಕ್ಕ ತಪ್ಪುತ್ತದೆ.

ಟೆಂಡನ್ ಗಟ್ಟಿಯಾಗುವುದು ಭಾರ ಹೊತ್ತೇ. ಸುಮ್ನೆ ಮಲಗಿದರೆ ಇನ್ನೂ ಸೊರಗುತ್ತದೆ. ಸ್ವೀಡನ್ನಿನ ಮೂಳೆವೈದ್ಯ ಹೋಕನ್ ಆಲ್ಫ್ರೆಡ್ಸನ್ ಅಕಿಲಿಸ್ ಟೆಂಡನ್ ನೋವಿಗೆಂದು 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಈಗಲೂ ಬಳಕೆಯಲ್ಲಿದೆ. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಊರಿ ನಿಲ್ಲಬೇಕು. ಒಳ್ಳೆಯ ಕಾಲಿನ ಬಲದಿಂದ ಮೇಲೇರಬೇಕು. ಆಮೇಲೆ ನೋಯುವ ಕಾಲಿನ ಮೇಲೆ ಭಾರ ಬಿಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲ ಮಟ್ಟಕ್ಕಿಂತ ಕೆಳಗೆ ಇಳಿಸಬೇಕು. ಮಂಡಿ ನೇರವಿಟ್ಟು 15 ಸಲದಂತೆ 3 ಸುತ್ತು, ಬಗ್ಗಿಸಿ ಮತ್ತೆ ಅಷ್ಟೇ. ದಿನಕ್ಕೆ ಎರಡು ಹೊತ್ತು, 12 ವಾರ. ಬೇಜಾರಿನ ಕೆಲಸವೇ! ಎಲ್ಲರಿಗೂ ಇಷ್ಟೊಂದು ಬೇಕಾಗುವುದೂ ಇಲ್ಲ, ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ ನಿಮಗೆ ಒಗ್ಗುವಷ್ಟು ಗೊತ್ತುಮಾಡಿಕೊಳ್ಳಿ.

ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ಟೆನ್ನಿಸ್ ಎಲ್ಬೋ, ಅಂದರೆ ಮೊಣಕೈ ಹೊರಬದಿಯ ಟೆಂಡನ್ ನೋವು, ಇದ್ದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಜೆಕ್ಷನ್ ಪಡೆದವರು 6 ವಾರಕ್ಕೆ ಎಲ್ಲರಿಗಿಂತ ಆರಾಮಾಗಿದ್ದರು. ಆಮೇಲೆ ಅವರಲ್ಲೇ ಹೆಚ್ಚು ಜನರಿಗೆ ನೋವು ಮರುಕಳಿಸಿತು.

ಹೊಟ್ಟೆಹುಣ್ಣು, ಕಿಡ್ನಿ ಅಥವಾ ಹೃದಯದ ಕಾಯಿಲೆ, ಬಿಪಿ, ಆಸ್ತಮಾ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಜಾತಿಯ ಮಾತ್ರೆ ಮುಟ್ಟಬೇಡಿ. ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಟೆಂಡನ್ ನೋವು ಶುರುವಾದರೆ ಅವತ್ತೇ ವೈದ್ಯರಿಗೆ ತಿಳಿಸಿ, ಈ ಔಷಧಿಯಿಂದ ಟೆಂಡನ್ ಹರಿಯುವುದುಂಟು. ಹಿಮ್ಮಡಿಯ ಹಿಂದೆ ಟಪ್ ಎಂದು ಸದ್ದಾಗಿ ತುದಿಗಾಲಲ್ಲಿ ನಿಲ್ಲಲು ಆಗದೇ ಹೋದರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೊರಡಿ.

ನಮಸ್ಕಾರ.