ಕೊಂಡದಲ್ಲಿ ಬಿದ್ದವನ ಮೈಲಿಗೆ

ನಮಸ್ಕಾರ. ಸಂಜೆ ದೀಪ ಹಚ್ಚಿದ ಮೇಲೆ ನನ್ನ ಅಜ್ಜಿ ಒಲೆಯಿಂದ ಒಂದು ಕೆಂಡವನ್ನು ಬರಿಗೈಯಲ್ಲೇ ಎತ್ತಿ, ಬೆರಳಿನಿಂದ ಬೆರಳಿಗೆ ಹೊರಳಿಸುತ್ತ, ಧೂಪದ ಬಟ್ಟಲಿಗೆ ಹಾಕುತ್ತಿದ್ದರು. ಮನೆಯಲ್ಲಿ ಯಾರೂ ಅದನ್ನು ಪವಾಡವೆಂದು ಕರೆಯಲಿಲ್ಲ. ಅದೇ ಅಜ್ಜಿ ಅದೇ ಒಲೆಯ ಮೇಲಿದ್ದ ಕಬ್ಬಿಣದ ಹೆಂಚನ್ನು ಮಾತ್ರ ಮಸಿಬಟ್ಟೆಯಿಲ್ಲದೆ ಮುಟ್ಟುತ್ತಿರಲಿಲ್ಲ. ಕೆಂಡ ನಿಗಿನಿಗಿ ಕೆಂಪಗಿರುತ್ತಿತ್ತು, ಹೆಂಚು ಕಪ್ಪಗಿರುತ್ತಿತ್ತು. ಎರಡರಲ್ಲಿ ಬಿಸಿ ಯಾವುದೆಂದು ಕೇಳಿದರೆ ಎಳೆಯ ಮಗುವೂ ಕೆಂಡವನ್ನೇ ತೋರಿಸೀತು. ಹಾಗಿದ್ದರೂ ಕೈ ಸುಡುತ್ತಿದ್ದದ್ದು ಹೆಂಚು. ಈ ಎರಡು ದೃಶ್ಯಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನ ಮಾತನ್ನು ಕೇಳಬೇಕೆಂದು ವಿನಂತಿ.

ಕೆಂಡ ಹಾಯುವುದನ್ನು ಮಂಡ್ಯ, ಮೈಸೂರು, ಚಾಮರಾಜನಗರದ ಕಡೆ ಕೊಂಡ ಹಾಯುವುದು ಎನ್ನುತ್ತಾರೆ. ಉತ್ತರ ಕರ್ನಾಟಕದ ವೀರಭದ್ರನ ಜಾತ್ರೆಗಳಲ್ಲಿ ಅದು ಅಗ್ಗಿ ಹಾಯುವುದು, ಕುಂದಾಪುರದ ಸೀಮೆಯಲ್ಲಿ ಗೆಂಡಸೇವೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಕೆಂಡ ತುಳಿಯುವವರಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ಅನೇಕ ಊರುಗಳಲ್ಲಿ ಕೇಳುವವರೂ ಇಲ್ಲ. ಗಡಿಯಾಚೆಗಿನ ಸತ್ಯಮಂಗಲದ ಬಣ್ಣಾರಿ ಅಮ್ಮನ ಕೊಂಡಕ್ಕೆ ನಮ್ಮ ಜಿಲ್ಲೆಗಳಿಂದಲೂ ಹರಕೆ ಹೊತ್ತು ಹೋಗುವವರಿದ್ದಾರೆ. ಇಷ್ಟು ಬಗೆಯಲ್ಲಿ, ಇಷ್ಟು ಹೆಸರಿನಲ್ಲಿ ಬದುಕಿರುವ ಒಂದು ಆಚರಣೆಯನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನ್ನಿಂದಾಗದು, ಅದು ನನ್ನ ಉದ್ದೇಶವೂ ಅಲ್ಲ. ನನ್ನ ತಕರಾರು ಇರುವುದು ಕೊಂಡದಲ್ಲಿ ಒಬ್ಬರು ಸುಟ್ಟುಕೊಂಡಾಗ ನಾವು ಆಡುವ ಮಾತಿನ ಬಗ್ಗೆ.

ಮೊದಲು ಸುಡದೆ ಉಳಿಯುವ ಬಗೆಯನ್ನು ನೋಡೋಣ. ಒಂದು ವಸ್ತು ಕತ್ತಲಲ್ಲಿ ಮಂದವಾಗಿ ಕೆಂಪು ಕಾಣಬೇಕಾದರೆ ಅದರ ಬಿಸಿ ಸುಮಾರು 525 ಡಿಗ್ರಿ ಸೆಲ್ಸಿಯಸ್ ಆಗಿರಬೇಕು. ಆದ್ದರಿಂದ ಕೊಂಡದ ಬಿಸಿಯಲ್ಲಿ ಸುಳ್ಳಿಲ್ಲ. ಆದರೆ ಬಿಸಿಯಾಗಿರುವುದು ಬೇರೆ, ಆ ಬಿಸಿಯನ್ನು ನಮ್ಮ ಚರ್ಮಕ್ಕೆ ದಾಟಿಸುವುದು ಬೇರೆ. ಇದ್ದಿಲು ಹಗುರ, ಒಳಗೆಲ್ಲ ಗಾಳಿಯ ರಂಧ್ರ. ಅದು ಶಾಖವನ್ನು ಸಾಗಿಸುವುದರಲ್ಲಿ ಮಹಾ ಸೋಮಾರಿ. ಕಬ್ಬಿಣ ಅದಕ್ಕಿಂತ ನೂರಾರು ಪಟ್ಟು ಚುರುಕು. ನಮ್ಮ ಪಾದವಾದರೋ ಬಹುಪಾಲು ನೀರಿನಿಂದಾದದ್ದು, ಬಿಸಿಯೇರಲು ಬಹಳ ಶಾಖವನ್ನು ಬೇಡುವಂಥದ್ದು. ಐನೂರು ಡಿಗ್ರಿಯ ಕೆಂಡವನ್ನು ಪಾದ ಮುಟ್ಟಿದ ಕ್ಷಣದಲ್ಲಿ ಎರಡೂ ಸೇರುವ ಮೇಲ್ಮೈಯ ಬಿಸಿ ಎಷ್ಟಾಗುತ್ತದೆಂದು ಸ್ಥೂಲವಾಗಿ ಲೆಕ್ಕ ಹಾಕಿದರೆ ಅದು ನೂರರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೆಂಡದ ಮೇಲೆ ಬೂದಿಯ ಪದರವಿದ್ದರೆ ಇನ್ನೂ ಕೆಳಗಿಳಿಯುತ್ತದೆ. ಅಷ್ಟೇ ಬಿಸಿಯ ಕಬ್ಬಿಣವಾದರೆ ನಾನೂರನ್ನು ದಾಟುತ್ತದೆ. ಅಜ್ಜಿಯ ಮಸಿಬಟ್ಟೆಗೆ ಈ ಲೆಕ್ಕ ಗೊತ್ತಿತ್ತು.

ನೂರು ಡಿಗ್ರಿಯೂ ಕಡಿಮೆಯೇನಲ್ಲ, ಕುದಿಯುವ ನೀರಿನ ಬಿಸಿ. ಇಲ್ಲಿ ಎರಡನೆಯ ವಿಷಯ ಬರುತ್ತದೆ, ಅದು ಹೊತ್ತು. ಸಲೀಸಾಗಿ ನಡೆಯುವವರ ಪಾದ ಪ್ರತಿ ಹೆಜ್ಜೆಗೂ ಕೆಂಡದ ಮೇಲಿರುವುದು ಸುಮಾರು ಅರ್ಧ ಸೆಕೆಂಡು. ಅಷ್ಟರಲ್ಲಿ ಶಾಖ ಚರ್ಮದೊಳಕ್ಕೆ ಇಳಿಯುವ ಆಳ ಮಿಲಿಮೀಟರಿನ ಕಾಲು ಭಾಗದಷ್ಟು. ಬರಿಗಾಲಲ್ಲಿ ಗೇಯ್ದವರ ಅಂಗಾಲಿನ ಸತ್ತ ಚರ್ಮವೇ ಅದಕ್ಕಿಂತ ದಪ್ಪ. ಎರಡು ಸೆಕೆಂಡು ನಿಂತರೆ ಆಳ ಇಮ್ಮಡಿಯಾಗುತ್ತದೆ, ಜೀವವಿರುವ ಪದರ ಬೇಯತೊಡಗುತ್ತದೆ. ಕೊಂಡ ಹಾಯುವುದರ ಗುಟ್ಟೆಲ್ಲ ಈ ಅರ್ಧ ಸೆಕೆಂಡಿಗೂ ಎರಡು ಸೆಕೆಂಡಿಗೂ ನಡುವೆ ಇದೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1935ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಕಾರ್ಶಾಲ್ಟನ್‌ನಲ್ಲಿ ಹ್ಯಾರಿ ಪ್ರೈಸ್ ಎಂಬವರು ಕಾಶ್ಮೀರ ಮೂಲದ ಖುದಾ ಬಕ್ಷ್ ಅವರನ್ನು ಕೆಂಡದ ಮೇಲೆ ನಡೆಸಿದರು. ಮೊದಲೇ ಪಾದ ತೊಳೆದು ಪರೀಕ್ಷಿಸಿದ್ದರು, ಲೇಪ ಗೀಪ ಏನೂ ಇರಲಿಲ್ಲ. ಕೆಂಡದ ಮೇಲ್ಮೈ ಸುಮಾರು 430 ಡಿಗ್ರಿಯಿದ್ದರೂ ಅವರ ಪಾದದಲ್ಲಿ ಗುಳ್ಳೆ ಏಳಲಿಲ್ಲ. ಎರಡು ವರ್ಷದ ಬಳಿಕ ಮತ್ತೊಬ್ಬರೊಂದಿಗೆ ಪ್ರಯೋಗ ಮುಂದುವರಿದಾಗ, ಯಾವ ವ್ರತವನ್ನೂ ಹಿಡಿಯದ ಇಂಗ್ಲಿಷ್ ಹವ್ಯಾಸಿಯೊಬ್ಬರೂ ಹಾಯ್ದು ಆಚೆ ದಡ ಸೇರಿದರು. ಮರದ ಕೆಂಡ ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ, ಪಾದ ಅದನ್ನು ಮುಟ್ಟುವ ಹೊತ್ತು ಕಡಿಮೆ, ಹೆಜ್ಜೆ ಹದವಾಗಿರಬೇಕು: ಇದೇ ಪ್ರೈಸ್ ಅವರು ಕಂಡುಕೊಂಡದ್ದು. 1980ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಬರ್ನಾರ್ಡ್ ಲೈಕಿಂಡ್ ತಾವೇ ಕೆಂಡ ಹಾಯ್ದು ಇದನ್ನೇ ವಿವರಿಸಿದರು.

ನಮ್ಮ ಪವಾಡ ಬಯಲು ಕಾರ್ಯಕ್ರಮಗಳು ಈ ವಿಜ್ಞಾನವನ್ನು ಶಾಲೆಯ ಅಂಗಳಕ್ಕೆ ತಂದವು. ಆ ಕೆಲಸಕ್ಕೆ ನನ್ನ ಗೌರವವಿದೆ. ಆದರೆ "ಇದರಲ್ಲಿ ಏನೂ ಇಲ್ಲ, ಯಾರು ಬೇಕಾದರೂ ನಡೆಯಬಹುದು" ಎಂಬ ಅವರ ಮಾತು ಅರ್ಧ ವಿಜ್ಞಾನ ಮಾತ್ರ. ಉಳಿದರ್ಧವನ್ನು ನಾನು ನನ್ನ ಊರಿನಲ್ಲೇ ನೋಡಿದ್ದೇನೆ.

ಬೆಳಗಿನ ಜಾವ. ಕೊಂಡದ ಎರಡೂ ಬದಿಗೆ ಜನ. ರಾತ್ರಿಯೆಲ್ಲ ಉರಿದ ಸೌದೆ ಕೆಂಡವಾಗಿದೆ, ಇಬ್ಬರು ಹಸಿ ಕೊಂಬೆಗಳಿಂದ ಅದನ್ನು ಹರವುತ್ತಿದ್ದಾರೆ, ಇನ್ನೊಬ್ಬರು ಮೊರದಿಂದ ಬೀಸುತ್ತಿದ್ದಾರೆ. ತಮಟೆಯ ಬಡಿತ ಏರುತ್ತಿದ್ದಂತೆ ಅರ್ಚಕರು ಹಾಯ್ದರು, ಅವರ ಹಿಂದೆ ಹರಕೆಯವರು ಒಬ್ಬರ ಬೆನ್ನಿಗೆ ಒಬ್ಬರು. ಏಳನೆಯವರೋ ಎಂಟನೆಯವರೋ ಆಚೆ ತುದಿಯ ಹತ್ತಿರ ಮುಗ್ಗರಿಸಿ ಬಿದ್ದರು. ಅಂಗೈ ಎರಡೂ ಊರಿದ್ದವು, ಮಂಡಿ ಊರಿತ್ತು. ಎತ್ತಿದ್ದು ಬಹಳ ಬೇಗ, ಮೂರು ಸೆಕೆಂಡಿನೊಳಗೆ ಇರಬೇಕು. ಆದರೂ ಆ ಮೂರು ಸೆಕೆಂಡಿಗೆ ಅವರು ತಿಂಗಳುಗಟ್ಟಲೆ ಕೈಯಿಂದ ಅನ್ನ ಕಲಸಿ ಉಣ್ಣಲಾರದವರಾದರು. ತಮಟೆ ನಿಲ್ಲುವ ಮೊದಲೇ ಗುಂಪಿನಲ್ಲಿ ಮಾತು ಹುಟ್ಟಿತ್ತು: "ಮೈಲಿಗೆ ಆಗಿರಬೇಕು. ಉಪವಾಸ ಕೆಡಿಸಿಕೊಂಡಿರಬೇಕು." ಮನೆಯ ಹೆಂಗಸರನ್ನೂ ಬಿಡಲಿಲ್ಲ. ಆ ತುದಿಯಲ್ಲಿ ನೆಲ ತಗ್ಗಾಗಿತ್ತು, ಕೆಂಡ ಅಲ್ಲಿ ಮೊಣಕಾಲಿನ ಅರ್ಧ ಎತ್ತರದವರೆಗೆ ಸೇರಿಕೊಂಡಿತ್ತು, ಮುಂದಿನವರು ಹೊರಗೆ ಕಾಲಿಡುವ ಮೊದಲೇ ಹಿಂದಿನವರನ್ನು ಬಿಟ್ಟಿದ್ದರು. ಇದನ್ನು ಕೇಳಿದವರು ಯಾರೂ ಇರಲಿಲ್ಲ.

ಕೆಂಡಕ್ಕೆ ಮಡಿ ಮೈಲಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆಳ, ಹೊತ್ತು, ಚರ್ಮದ ದಪ್ಪ. ಸಡಿಲವಾದ ಆಳದ ಕೆಂಡದಲ್ಲಿ ಕಾಲು ಹೂತರೆ ಅಂಗಾಲಿನ ಗಟ್ಟಿ ಚರ್ಮದ ಜೊತೆಗೆ ಮುಂಗಾಲೂ ಬೆರಳ ಸಂದಿಯೂ ಸುಡುತ್ತವೆ. ಕಾಲುಂಗುರದ ಸಂದಿಯಲ್ಲಿ ಒಂದು ಚೂರು ಸಿಕ್ಕಿಕೊಂಡರೆ ಅರ್ಧ ಸೆಕೆಂಡಿನ ಲೆಕ್ಕ ಅಲ್ಲಿಗೆ ಮುಗಿಯಿತು. ಒದ್ದೆಗಾಲಿನ ನೀರು ಆವಿಯಾಗಿ ಕ್ಷಣಮಾತ್ರ ಕಾಪಾಡೀತು, ಆದರೆ ಕೆಸರು ಮೆತ್ತಿದ ಕಾಲಿಗೆ ಕೆಂಡವೂ ಮೆತ್ತಿಕೊಳ್ಳುತ್ತದೆ. ಹಳೆಯ ಬಾಗಿಲು ಕಿಟಕಿಗಳ ಮರವನ್ನು ಕೊಂಡಕ್ಕೆ ಹಾಕಿ ಅದರಲ್ಲಿ ಮೊಳೆ ಉಳಿದಿದ್ದರೆ ನಾವು ಕೆಂಡದ ನಡುವೆ ಹೆಂಚಿಟ್ಟಂತೆ.

ಮೈಲಿಗೆಯ ಮಾತು ಹಳ್ಳಿಗರ ಅಜ್ಞಾನವೆಂದು ನಗುವವರು ಒಮ್ಮೆ ಅಮೆರಿಕದ ಕಡೆ ನೋಡಬೇಕು. ಅಲ್ಲಿ 1970ರ ದಶಕದ ಕೊನೆಯಿಂದ ಕೆಂಡ ಹಾಯುವುದು ಆತ್ಮವಿಶ್ವಾಸದ ಶಿಬಿರಗಳ ಸರಕಾಗಿದೆ. ಭಾರಿ ಶುಲ್ಕ ಕೊಟ್ಟವರು ಸಂಜೆಯವರೆಗೆ ಘೋಷಣೆ ಕೂಗಿ, ರಾತ್ರಿ ಕೆಂಡದ ಹಾಸಿನ ಮೇಲೆ ನಡೆಯುತ್ತಾರೆ. 2012ರ ಜುಲೈಯಲ್ಲಿ ಸ್ಯಾನ್ ಹೋಸೆಯ ಇಂತಹ ಒಂದು ಶಿಬಿರದಲ್ಲಿ 21 ಮಂದಿ ಸುಟ್ಟುಕೊಂಡರು. 2016ರಲ್ಲಿ ಡಲ್ಲಾಸ್‌ನಲ್ಲಿ ಸುಮಾರು 30 ಮಂದಿ. ಆಗಲೂ ಮಾತು ಸುಟ್ಟುಕೊಂಡವರ ಮೇಲೆಯೇ ತಿರುಗಿತು. ಅವರ ಗಮನ ಕದಲಿತಂತೆ, ಕೆಲವರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಮೈಲಿಗೆ, ಅಲ್ಲಿ ಏಕಾಗ್ರತೆಯ ಕೊರತೆ. ಹೆಸರು ಬೇರೆ, ಉಪಯೋಗ ಒಂದೇ: ಕೆಂಡ ಹರವಿದವನನ್ನು ಯಾರೂ ಪ್ರಶ್ನಿಸುವಂತಿಲ್ಲ. ನಮ್ಮ ಊರಿನ ಗುಂಪಾದರೂ ಹಣ ಪಡೆದಿರಲಿಲ್ಲ.

ಹಾಗಾದರೆ ಮನಸ್ಸಿಗೆ ಇಲ್ಲಿ ಪಾತ್ರವೇ ಇಲ್ಲವೇ? ಖಂಡಿತ ಇದೆ, ಆದರೆ ಅದು ಪಾದದಲ್ಲಿಲ್ಲ. ಸ್ಪೇನಿನ ಸಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲಿ ಪ್ರತಿ ವರ್ಷ ಜೂನ್ 23ರ ರಾತ್ರಿ ಜನ ತಮ್ಮವರನ್ನು ಬೆನ್ನ ಮೇಲೆ ಹೊತ್ತು ಕೆಂಡ ಹಾಯುತ್ತಾರೆ. ಅಲ್ಲಿ ಹಾಯುವವರ ಮತ್ತು ನೋಡುವವರ ಎದೆಬಡಿತವನ್ನು ಅಳೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಹಾಯುವವರ ಎದೆಬಡಿತದ ಏರಿಳಿತಕ್ಕೆ ಬದಿಯಲ್ಲಿ ಸುಮ್ಮನೆ ನಿಂತಿದ್ದ ಬಂಧುಗಳ ಎದೆಬಡಿತದ ಏರಿಳಿತ ತಾಳೆಯಾಗುತ್ತಿತ್ತು. ಸಂಬಂಧವಿಲ್ಲದ ಪ್ರೇಕ್ಷಕರಲ್ಲಿ ಹಾಗಾಗಲಿಲ್ಲ. ಕೊಂಡದ ಬದಿಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಗನನ್ನು ನೋಡುತ್ತಿರುವ ತಾಯಿಯನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ಊರು ಒಂದಾಗುವ ಆ ಗಳಿಗೆ ನಿಜ, ಅದರ ಬೆಲೆ ನನಗೆ ಗೊತ್ತು. ಧೈರ್ಯ ಇರುವವರು ಅಳುಕದೆ, ಓಡದೆ, ಒಂದೇ ಹದದಲ್ಲಿ ಹೆಜ್ಜೆ ಹಾಕುತ್ತಾರೆ, ಅದರಿಂದ ಸುಡುವುದು ಕಡಿಮೆಯಾಗುತ್ತದೆ. ಭಕ್ತಿಯಿಂದ ದೇಹಕ್ಕೆ ಸಿಗುವ ನೆರವು ಅಷ್ಟು ಮಾತ್ರ.

ಈ ಹದವೆಲ್ಲ ಹಿರಿಯರಿಗೆ ತಿಳಿಯದ್ದೇನೂ ಅಲ್ಲ. ಉರಿ ನಿಂತು ಕೆಂಡ ಮಾಗುವವರೆಗೆ ಕಾಯುತ್ತಿದ್ದರು, ಕೊಳ್ಳಿಗಳನ್ನು ಆರಿಸಿ ಹೊರಗೆ ಹಾಕುತ್ತಿದ್ದರು, ತಟ್ಟಿ ಮಟ್ಟ ಮಾಡುತ್ತಿದ್ದರು, ಎರಡೂ ತುದಿಯಲ್ಲಿ ಗಟ್ಟಿಮುಟ್ಟಾದವರನ್ನು ನಿಲ್ಲಿಸುತ್ತಿದ್ದರು. ಇಂದು ಕೊಂಡದ ಉದ್ದ ಪಕ್ಕದ ಊರಿಗಿಂತ ಹೆಚ್ಚಿರಬೇಕು, ಕೆಂಡ ಕ್ಯಾಮೆರಾಕ್ಕೆ ಕೆಂಪಗೆ ಕಾಣಬೇಕು. ಬೂದಿಯನ್ನು ಬೀಸಿ ತೆಗೆದಷ್ಟೂ ವಿಡಿಯೊ ಚೆನ್ನ, ಪಾದಕ್ಕೆ ಕೇಡು.

2017ರ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ನಿಷೇಧದ ಕಾಯ್ದೆ ಜಾತ್ರೆಗಳಲ್ಲಿ ಬಲವಂತದಿಂದ ಕೆಂಡ ಹಾಯಿಸುವುದನ್ನು ಅಪರಾಧವೆನ್ನುತ್ತದೆ. ಸ್ವಇಚ್ಛೆಯಿಂದ ಹಾಯುವವರನ್ನು ಅದು ತಡೆಯುವುದಿಲ್ಲ, ಅದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಹೆಗಲ ಮೇಲೆ ಕೂಸನ್ನು ಹೊತ್ತು ಹಾಯುವಾಗ ಕೂಸಿನ ಇಚ್ಛೆಯನ್ನು ಕೇಳಿದವರು ಯಾರು? ದೊಡ್ಡವರು ಬಿದ್ದರೆ ಕೈಯಾದರೂ ಊರುತ್ತಾರೆ. ಕೂಸು ಬೀಳುವುದು ಮುಖ ಮುಂದಾಗಿ, ಅದರ ಚರ್ಮವೂ ತೆಳು. ಕೂಸಿನ ಹೆಸರಿನ ಹರಕೆಯಿದ್ದರೆ ಹೆತ್ತವರು ತಾವೊಬ್ಬರೇ ಹಾಯಲಿ, ಕೂಸು ಅಜ್ಜಿಯ ಮಡಿಲಲ್ಲಿರಲಿ.

ಮುಂದಿನ ಜಾತ್ರೆಗೆ ನಿಮ್ಮ ಊರಿನಲ್ಲಿ ಸಭೆ ಸೇರುತ್ತದೆ, ಚಂದಾ ಎತ್ತುತ್ತಾರೆ, ಪೆಂಡಾಲು, ಮೈಕು, ಅನ್ನಸಂತರ್ಪಣೆಯ ಲೆಕ್ಕ ಬರೆಯುತ್ತಾರೆ. ಆ ಪಟ್ಟಿಯಲ್ಲಿ ಕೊಂಡದ ನೆಲ ಮಟ್ಟ ಮಾಡುವವರ ಹೆಸರನ್ನೂ, ಒಬ್ಬರು ದಾಟಿದ ಮೇಲೆ ಇನ್ನೊಬ್ಬರನ್ನು ಬಿಡುವವರ ಹೆಸರನ್ನೂ ಬರೆಸಿ. ಒಂದು ಡ್ರಮ್ಮು ತಣ್ಣೀರು ಕೊಂಡದ ಆಚೆ ತುದಿಯಲ್ಲಿರಲಿ. ಸುಟ್ಟ ಅಂಗೈಯನ್ನು ಇಪ್ಪತ್ತು ನಿಮಿಷ ನೀರಿನಲ್ಲಿ ಹಿಡಿಯುವುದು ಅದಕ್ಕೆ ಅರಿಸಿನ ಮೆತ್ತುವುದಕ್ಕಿಂತ ಮೊದಲ ಕೆಲಸ. ನಮ್ಮ ಊರಿನಲ್ಲಿ ಅಂದು ನೀರಿನ ಕೊಡಪಾನಗಳೇನೋ ಇದ್ದವು, ಕೊಂಡದ ಈಚೆ ತುದಿಯಲ್ಲಿ, ಹಾಯುವ ಮೊದಲು ಕಾಲು ತೊಳೆಯುವುದಕ್ಕೆಂದು.