ಬಸ್ ಸ್ಟಾಪಿಂದ 400 ಮೀಟರ್: ಒಂದು ಸೈಟಲ್ಲಿ ನಾಲ್ಕು ಮನೆಯೋ, ಆರೋ?

[ದೃಶ್ಯ: ಮೇಲಿಂದ ಕಾಣುವ ಬಡಾವಣೆಯ ಚಿತ್ರ. ಅಕ್ಕಪಕ್ಕ ಎರಡು ಮನೆ. ನಡುವಿನ ಬೇಲಿಯ ಗುಂಟ ಒಂದು ಕೆಂಪು ಗೆರೆ ಬಾಗಿಕೊಂಡು ಹೋಗುತ್ತದೆ.]

ಈ ಎರಡು ಮನೆ ನೋಡಿ. ಒಂದೇ ಬೀದಿ, ಒಂದೇ ಅಳತೆಯ ಸೈಟು, ನಡುವೆ ಒಂದು ಮರದ ಬೇಲಿ. ಎಡಗಡೆಯವರು ಹಳೇ ಮನೆ ಕೆಡವಿ ಆರು ಮನೆ ಕಟ್ಟಬಹುದು. ಬಲಗಡೆಯವರಿಗೆ ನಾಲ್ಕೇ. ಎಡಗಡೆಯವರೇನು ಕಾರ್ಪೊರೇಟರ್ ನೆಂಟರಲ್ಲ. ಆ ಕೆಂಪು ಗೆರೆ ಇದೆಯಲ್ಲ, ಅದು ಬಸ್ ಸ್ಟಾಪಿನ ಸುತ್ತ 400 ಮೀಟರಿಗೆ ಎಳೆದ ವೃತ್ತ. ಎಡಗಡೆ ಮನೆ ಅದರ ಒಳಗೆ, ಬಲಗಡೆ ಮನೆ ಹೊರಗೆ. ಅಷ್ಟೇ ವ್ಯತ್ಯಾಸ.

ಚಿತ್ರ ನಾವೇ ಬರೆದದ್ದು, ನಿಯಮ ಮಾತ್ರ ನಿಜ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ್ದು.

[ದೃಶ್ಯ: ನಕ್ಷೆ. ವ್ಯಾಂಕೂವರ್, ಅದರ ಸುತ್ತ ಬರ್ನಬಿ, ಕೊಕ್ವಿಟ್ಲಂ, ಸರ್ರೆ, ಲ್ಯಾಂಗ್ಲಿ.]

ವ್ಯಾಂಕೂವರ್ ಸುತ್ತಲಿನ ಈ ಉಪನಗರಗಳಲ್ಲಿ ದಶಕಗಳ ಕಾಲ ಬಹುಪಾಲು ಜಾಗಕ್ಕೆ ಒಂದೇ ಲೆಕ್ಕ: ಒಂದು ಸೈಟು, ಒಂದು ಮನೆ, ಮುಂದೆ ಹುಲ್ಲು, ಹಿಂದೆ ಅಂಗಳ. ಹೆಚ್ಚೆಂದರೆ ಕೆಳಗೊಂದು ಬೇಸ್‌ಮೆಂಟ್ ಬಾಡಿಗೆಗೆ. ಸರ್ರೆಗೆ ಹೊಸದಾಗಿ ಹೋದ ನಮ್ಮ ಕನ್ನಡದ ಹುಡುಗರಿಗೆ ಆ ಬೇಸ್‌ಮೆಂಟ್ ಜೀವನ ಚೆನ್ನಾಗಿ ಗೊತ್ತು. ಕಿಟಕಿ ತೆಗೆದರೆ ಎದುರಿಗೆ ಹುಲ್ಲಿನ ಬೇರು!

2023ರ ನವೆಂಬರಿನಲ್ಲಿ ಪ್ರಾಂತ್ಯ ಸರ್ಕಾರ ಬಿಲ್ 44 ಅಂತ ಒಂದು ಕಾನೂನು ತಂತು. ಆಗ ವಸತಿ ಸಚಿವರಾಗಿದ್ದವರು ರವಿ ಕಾಹ್ಲೋನ್. 5,000ಕ್ಕಿಂತ ಹೆಚ್ಚು ಜನರಿರುವ ಊರುಗಳು 2024ರ ಜೂನ್ 30ರೊಳಗೆ ತಮ್ಮ ಝೋನಿಂಗ್, ಅಂದ್ರೆ ಯಾವ ಜಾಗದಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನೋ ನಿಯಮ, ಬದಲಿಸಬೇಕು ಅಂತ ಗಡುವು. ಸೈಟು 280 ಚದರ ಮೀಟರ್ ಅಥವಾ ಅದಕ್ಕಿಂತ ಚಿಕ್ಕದಿದ್ದರೆ ಕನಿಷ್ಠ ಮೂರು ಮನೆಗೆ ಅವಕಾಶ ಕೊಡಬೇಕು, ಅದಕ್ಕಿಂತ ದೊಡ್ಡದಿದ್ದರೆ ನಾಲ್ಕು. ದೊಡ್ಡ ಸೈಟಾಗಿದ್ದು, ಮೇಲಿಂದ ಮೇಲೆ ಬಸ್ ಬರುವ ಸ್ಟಾಪಿಗೆ 400 ಮೀಟರ್ ಒಳಗಿದ್ದರೆ ಆರು.

280 ಚದರ ಮೀಟರ್ ಅಂದ್ರೆ ಎಷ್ಟು ಅಂತ ತಲೆ ಕೆಡಿಸ್ಕೋಬೇಡಿ. ನಮ್ಮ 50x60 ಸೈಟು, ಹೆಚ್ಚುಕಮ್ಮಿ ಸರಿಯಾಗಿ ಅಷ್ಟೇ.

(ಅಂದಹಾಗೆ, ಇಂಥ ಕಟ್ಟಡಕ್ಕೆ ಅಲ್ಲಿ ಮಲ್ಟಿಪ್ಲೆಕ್ಸ್ ಅಂತಾರೆ. ಪಾಪ್‌ಕಾರ್ನ್ ಸಿಗಲ್ಲ.)

[ದೃಶ್ಯ: 50x60 ಸೈಟಿನ ನಕ್ಷೆ. ಅದರ ಮೇಲೆ ಒಂದೊಂದಾಗಿ ಕಾರು ಬಂದು ನಿಲ್ಲುತ್ತವೆ. ಆರನೆಯದು ನಿಲ್ಲುವಷ್ಟರಲ್ಲಿ ಅಂಗಳ ಮಾಯ.]

ಸರಿ, ಮನೆ ಕಟ್ಟೋಕೂ ಬಸ್ಸಿಗೂ ಏನು ಸಂಬಂಧ? ಕಾರು. ಒಂದು ಕಾರು ನಿಲ್ಲೋಕೆ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ ಬೇಕು ಅಂತಿಟ್ಕೊಳ್ಳಿ. ಮನೆಗೊಂದರಂತೆ ಆರು ಕಾರಿಗೆ 80 ಚದರ ಮೀಟರ್ ದಾಟುತ್ತೆ. ಅವು ಒಳಗೆ ಬಂದು ತಿರುಗೋ ಜಾಗ ಬೇರೆ. ಸೈಟಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಾರಿಗೇ ಹೋದ್ರೆ ಆರು ಮನೆ ಎಲ್ಲಿ ಕೂರಿಸ್ತೀರಿ? ಅದಕ್ಕೇ ಆ ವೃತ್ತದ ಒಳಗಿನ ಆರು ಮನೆ ಸೈಟುಗಳಿಗೆ ‘ಇಷ್ಟು ಪಾರ್ಕಿಂಗ್ ಇರಲೇಬೇಕು’ ಅಂತ ನಗರಸಭೆ ಕೇಳೋ ಹಾಗಿಲ್ಲ. ಬಸ್ ಇದೆ, ಕಾರು ಇಲ್ಲದೇನೂ ಬದುಕಬಹುದು ಅನ್ನೋ ಲೆಕ್ಕಾಚಾರ. ಪಾರ್ಕಿಂಗ್ ಮಾಡ್ಲೇಬಾರದು ಅಂತೇನಿಲ್ಲ, ಬಿಲ್ಡರ್ ಇಷ್ಟ. ಸರ್ರೆಯಂಥ ಕಡೆ ಕಾರಿಲ್ಲದ ಸಂಸಾರ ಹುಡುಕೋದು ಕಷ್ಟ. ಹಾಗಾಗಿ ಆರಕ್ಕೆ ಅವಕಾಶ ಇದ್ರೂ ನಾಲ್ಕು ಕಟ್ಟಿ, ನಾಲ್ಕು ಕಾರು ನಿಲ್ಲಿಸಿ, ಬೇಗ ಮಾರಿಕೊಳ್ಳೋಣ ಅನ್ನೋ ಬಿಲ್ಡರ್‌ನ ನಾನಂತೂ ಬೈಯಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ‘ಮೇಲಿಂದ ಮೇಲೆ ಬರುವ ಬಸ್’ ಅಂದ್ರೆ ಯಾವುದು? ಬೆಂಗಳೂರಲ್ಲಿ ಕೇಳಿದ್ರೆ ‘ಈಗ ತಾನೇ ಒಂದು ಹೋಯ್ತಲ್ಲ’ ಅಂತಾರೆ. ಅಲ್ಲಿ ನಿಯಮದಲ್ಲೇ ಬರೆದಿದ್ದಾರೆ: ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ, ಸರಾಸರಿ 15 ನಿಮಿಷಕ್ಕೆ ಒಂದಾದರೂ ಬಸ್ ಇರಬೇಕು. ಶನಿವಾರ, ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 6ರವರೆಗೂ ಅದೇ 15 ನಿಮಿಷ.

[ದೃಶ್ಯ: ಬಸ್ ಸ್ಟಾಪಿನ ವೇಳಾಪಟ್ಟಿ. ಭಾನುವಾರದ ಸಾಲು ಹಳದಿಯಾಗುತ್ತದೆ.]

ಉಪನಗರದ ಬಸ್ಸು ಎಡವೋದು ಈ ಭಾನುವಾರದಲ್ಲಿ. ವಾರದ ದಿನ ಆಫೀಸು, ಕಾಲೇಜಿಗೆ ಹೋಗೋರು ಇರ್ತಾರೆ, ಬಸ್ ತುಂಬುತ್ತೆ. ಭಾನುವಾರ ಅದೇ ಬಸ್ 20 ನಿಮಿಷಕ್ಕೋ ಅರ್ಧ ಗಂಟೆಗೋ ಒಂದಾದ್ರೆ ಆ ಸ್ಟಾಪ್ ಲೆಕ್ಕಕ್ಕಿಲ್ಲ. ಸುತ್ತಲಿನ ಸೈಟುಗಳೆಲ್ಲ ಆರರಿಂದ ನಾಲ್ಕಕ್ಕೆ ಇಳೀತವೆ. ಭಾನುವಾರದ ಬಸ್ಸಿಗೆ ಇಷ್ಟು ಬೆಲೆ ಇದೆ ಅಂತ ಡ್ರೈವರಿಗೂ ಗೊತ್ತಿರಲಿಕ್ಕಿಲ್ಲ.

400 ಮೀಟರ್ ಅಳತೆಯದ್ದೂ ಒಂದು ಕಥೆ. ಅಳೆಯೋದು ವೃತ್ತದ ಲೆಕ್ಕದಲ್ಲಿ, ಕಾಲು ನಡೆಯೋ ದಾರಿಯಲ್ಲಲ್ಲ. ಸೈಟಿನ ಒಂದು ಮೂಲೆ ವೃತ್ತದೊಳಗೆ ಬಿದ್ದರೂ ಸಾಕು, ಇಡೀ ಸೈಟು ಒಳಗಿದ್ದ ಹಾಗೆ. ಆದರೆ ಉಪನಗರದ ಬೀದಿಗಳು ಬಹಳಷ್ಟು ಕಡೆ ಮುಂದೆ ದಾರಿಯಿಲ್ಲದೆ ಅಲ್ಲೇ ನಿಂತುಬಿಡ್ತವೆ. ಹಿತ್ತಲ ಬೇಲಿ ಆಚೆ ಬಸ್ ಸ್ಟಾಪ್ ಕಾಣುತ್ತೆ. ಬೇಲಿ ಹಾರೋ ವಯಸ್ಸಲ್ಲದಿದ್ದರೆ ಸುತ್ತು ಹಾಕ್ಕೊಂಡು ಹೋಗಬೇಕು, ಚಳಿಗಾಲದ ಜಿಟಿಜಿಟಿ ಮಳೆಯಲ್ಲಿ. ನಕ್ಷೆ ಪ್ರಕಾರ ನೀವು ಬಸ್ ಹತ್ರದವರು, ಕಾಲಿನ ಪ್ರಕಾರ ಅಲ್ಲ.

ಹಾಗಿದ್ರೆ ರೈಲು ಹತ್ರ ಇದ್ರೆ ಇನ್ನೂ ಒಳ್ಳೇದಲ್ವಾ? ಅಲ್ಲಿ ಆಟವೇ ಬೇರೆ. ಅದೇ ಕಾಲಕ್ಕೆ ಬಂದ ಬಿಲ್ 47ರ ಪ್ರಕಾರ ಸ್ಕೈಟ್ರೇನ್ (ವ್ಯಾಂಕೂವರ್ ಕಡೆಯ ಮೆಟ್ರೋ ರೈಲು) ನಿಲ್ದಾಣದಿಂದ 200 ಮೀಟರ್ ಒಳಗೆ 20 ಅಂತಸ್ತಿನ ತನಕ ಅವಕಾಶ ಸಿಗುತ್ತೆ. 400ರವರೆಗೆ 12, 800ರವರೆಗೆ 8. ಅಂಥ ಜಾಗದಲ್ಲಿ ಆರು ಮನೆಯ ಪುಟ್ಟ ಕಟ್ಟಡ ಯಾರು ಕಟ್ತಾರೆ? ಈ ಮಲ್ಟಿಪ್ಲೆಕ್ಸ್ ಹುಟ್ಟೋದು ರೈಲಿಗೆ ದೂರ, ಒಳ್ಳೇ ಬಸ್ಸಿಗೆ ಹತ್ರ ಇರೋ ನಡುವಿನ ಪಟ್ಟಿಯಲ್ಲಿ. ಸರ್ರೆಯಿಂದ ಲ್ಯಾಂಗ್ಲಿಗೆ 16 ಕಿಲೋಮೀಟರ್, 8 ನಿಲ್ದಾಣದ ಹೊಸ ಸ್ಕೈಟ್ರೇನ್ ಕಟ್ತಿದ್ದಾರೆ. ಫ್ರೇಸರ್ ಹೈವೇ ಉದ್ದಕ್ಕೂ ಆ ಪಟ್ಟಿ ಎಲ್ಲಿಗೆ ಸರಿಯುತ್ತೆ ಅಂತ ನೋಡ್ತಾ ಇರಿ.

[ದೃಶ್ಯ: ನಗರಸಭೆಯ ಸಭಾಂಗಣ, ಖಾಲಿ ಕುರ್ಚಿಗಳು.]

ಎಲ್ಲರೂ ಖುಷಿಯಾಗೇನೂ ಒಪ್ಪಲಿಲ್ಲ. ಶ್ರೀಮಂತರ ಊರು ವೆಸ್ಟ್ ವ್ಯಾಂಕೂವರ್‌ನ ಕೌನ್ಸಿಲ್ 2024ರಲ್ಲಿ ಬಿಲ್ 44ರ ಈ ಝೋನಿಂಗ್ ಬದಲಾವಣೆಯನ್ನ ಮೊದಲು ತಳ್ಳಿಹಾಕ್ತು. ಬರ್ನಬಿ ಉದಾರವಾಗಿ ಶುರುಮಾಡಿ, ಅಕ್ಕಪಕ್ಕದವರ ದೂರು ಹೆಚ್ಚಿದ ಮೇಲೆ 2025ರಲ್ಲಿ ಎತ್ತರ, ಗಾತ್ರ ಇಳಿಸ್ತು. ದೂರಿನಲ್ಲಿ ಹುರುಳಿಲ್ಲ ಅಂತಲ್ಲ. ಇಷ್ಟು ದಿನ ಬಿಸಿಲು ಬೀಳ್ತಿದ್ದ ಅಂಗಳಕ್ಕೆ ಪಕ್ಕದ ಗೋಡೆಯ ನೆರಳು ಬಿದ್ದರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ.

ನನ್ನ ತಕರಾರು ಬೇರೆ. ಮನೆ ಐವತ್ತು ವರ್ಷ ನಿಲ್ಲುತ್ತೆ, ಬಸ್ಸಿನ ವೇಳಾಪಟ್ಟಿ ವರ್ಷದಲ್ಲೇ ಹಲವು ಸಲ ಬದಲಾಗುತ್ತೆ. ಅಲ್ಲಿ ಬಸ್ ಓಡಿಸೋ ಟ್ರಾನ್ಸ್‌ಲಿಂಕ್ ಸಂಸ್ಥೆ 2024ರಲ್ಲಿ ಹೇಳ್ತು: 2026ರಿಂದ ವರ್ಷಕ್ಕೆ ಸುಮಾರು 60 ಕೋಟಿ ಡಾಲರ್ ಕೊರತೆ ಬೀಳುತ್ತೆ, ಬಸ್ಸುಗಳನ್ನ ಭಾರೀ ಪ್ರಮಾಣದಲ್ಲಿ ಕಡಿತ ಮಾಡಬೇಕಾಗಬಹುದು ಅಂತ. ಉಪನಗರಗಳಿಗೆಲ್ಲ ‘ಬಸ್ ನಂಬಿ ಮನೆ ಕಟ್ಟಿ’ ಅಂತ ಹೇಳಿದ ವರ್ಷವೂ ಅದೇ! 2025ರಲ್ಲಿ ಪ್ರಾಂತ್ಯ ಸರ್ಕಾರ ದುಡ್ಡು ಕೊಟ್ಟಿದ್ದಕ್ಕೆ ಆ ಕತ್ತರಿ ತಪ್ಪಿತು. ಪಾರ್ಕಿಂಗ್ ಇಲ್ಲದ ಆರು ಮನೆ ಕಟ್ಟಿದ ಮೇಲೆ ಬಸ್ ಕಡಿತವಾದ್ರೆ, ಎರಡು ಮನೆ ಬಿಚ್ಚಿ ಕಾರು ನಿಲ್ಲಿಸೋಕಾಗುತ್ತಾ?

ನಮ್ಮಲ್ಲಿ ಈ ಗೊಂದಲವೇ ಇಲ್ಲ ನೋಡಿ. 30x40 ಸೈಟಲ್ಲಿ ಮಹಡಿಗೊಂದು ಬಾಡಿಗೆ ಮನೆ ಮೊದಲು ಏಳುತ್ತೆ, ಬಸ್ ಬೇಕು ಅಂತ ಮನವಿ ಆಮೇಲೆ.

ವ್ಯಾಂಕೂವರ್ ಕಡೆ ಇರೋ ನಮ್ಮ ನೋಡುಗರಿಗೆ ಒಂದು ಮಾತು. ಹಳೇ ಮನೆ ತೋರಿಸ್ತಾ ರಿಯಲ್ಟರ್ ‘ಬಸ್ ಸ್ಟಾಪ್ ಇಲ್ಲೇ ಇದೆ, ಆರು ಮನೆ ಏಳಿಸಬಹುದು’ ಅಂದ್ರೆ, ರೇಟು ಆಮೇಲೆ ಮಾತಾಡಿ. ಮೊದಲು ಭಾನುವಾರದ ವೇಳಾಪಟ್ಟಿ ತೋರಿಸಿ ಅನ್ನಿ.